ಹೊನ್ನಾವರದಲ್ಲಿ ನೋಡೋಕೆ ಏನುಂಟು ಅಂತ ಕೇಳಿದ್ರು

ಮೊನ್ನೆ ಬೆಂಗಳೂರಿಂದ ಬರೋವಾಗ ಪಕ್ಕದ ಸೀಟಿನವರು ಗೋಕರ್ಣಕ್ಕೆ ಹೊರಟಿದ್ರು. ನಾನು ಹೊನ್ನಾವರ ಅಂದ ಕೂಡ್ಲೇ "ಅಲ್ಲಿ ನೋಡೋಕೆ ಏನಿದೆ?" ಅಂದ್ರು. ಮುರ್ಡೇಶ್ವರಕ್ಕೂ ಗೋಕರ್ಣಕ್ಕೂ ನಡುವೆ ಚಾ ಕುಡಿಯೋಕೆ ಇಳಿಯೋ ಊರು ನಮ್ದು, ಏನಂತ ಹೇಳೋದು, ಕಾಸರಕೋಡಲ್ಲಿ ಇಕೋ ಬೀಚ್ ಉಂಟು ಅಂದು ಸುಮ್ನಾದೆ. ಮನೆಗೆ ಬಂದ್ಮೇಲೂ ಅದೇ ಪ್ರಶ್ನೆ ತಲೆ ತಿಂತಾ ಇತ್ತು, ಅದಕ್ಕೇ ಇಷ್ಟು ಬರೀತಿದ್ದೇನೆ.

ಸುಮಾರು 2000 ವರ್ಷದ ಹಿಂದಿನ ಒಂದು ಗ್ರೀಕ್ ಬರಹದಲ್ಲಿ ನೌರಾ ಅಂತ ಬಂದರಿನ ಹೆಸರು ಬರ್ತದೆ. ಅದು ಹೊನ್ನಾವರವೇ ಅಂತಾರೆ ಕೆಲವರು, ಅಲ್ಲ ಕಣ್ಣೂರು ಅಂತಾರೆ ಇನ್ನು ಕೆಲವರು. ನಾನಂತೂ ನಮ್ಮೂರಿನ ಕಡೆ, ನ್ಯಾಯ ಎಲ್ಲ ಆಮೇಲೆ.

ಆದ್ರೆ 1340ರ ಆಸುಪಾಸಿಗೆ ಬಂದ್ರೆ ಅನುಮಾನವೇ ಬೇಡ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಇಲ್ಲಿ ಬಂದು ಉಳಿದಿದ್ದ, ಊರನ್ನ ಹಿನೌರ್ ಅಂತ ಕರೆದ. ಆಗ ಇಲ್ಲಿ ಜಮಾಲುದ್ದೀನ್ ಅನ್ನೋ ಸುಲ್ತಾನ, ಊರಲ್ಲಿ ಹೆಣ್ಮಕ್ಕಳಿಗೇ 13 ಶಾಲೆ, ಗಂಡು ಮಕ್ಕಳಿಗೆ 23, ಇಂಥದ್ದು ಬೇರೆಲ್ಲೂ ಕಂಡಿಲ್ಲ ಅಂತ ಬರೆದಿಟ್ಟಿದ್ದಾನೆ. ನಂಗೆ ಅದಕ್ಕಿಂತ ಮಜಾ ಅನಿಸಿದ್ದು ಸುಲ್ತಾನನ ಮನೆ ಊಟ. ತಾಮ್ರದ ತಟ್ಟೆಗೆ ಮೊದ್ಲು ಅನ್ನ, ಅದರ ಮೇಲೆ ತುಪ್ಪ, ಬದಿಗೆ ಗೊಂಚಲು ಗೊಂಚಲೇ ಉಪ್ಪಿನಕಾಯಿ ಹಾಕಿದ ಕಾಳುಮೆಣಸು, ಹಸಿ ಶುಂಠಿ, ಲಿಂಬು, ಮಾವು. ಒಂದು ತುತ್ತು ಅನ್ನ, ಒಂಚೂರು ಉಪ್ಪಿನಕಾಯಿ. ಆಮೇಲೆ ಕೋಳಿ, ಆಮೇಲೆ ಮೀನು, ಪಲ್ಯ, ಕಡೆಗೆ ಮೊಸರು. ಕುಡಿಯೋಕೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಆಗೋದಿಲ್ಲ ಅಂತ! ಒಂದ್ಸಲ ಹನ್ನೊಂದು ತಿಂಗಳು ರೊಟ್ಟಿ ಮುಖ ನೋಡದೆ ಬರೇ ಅನ್ನದಲ್ಲೇ ಕಳೆದೆ ಅಂತ ಅವನ ಗೋಳು ಬೇರೆ. ಇದನ್ನ ಆಯಿಗೆ ಓದಿ ಹೇಳಿದೆ, "ಮೆಣಸಿನ ಕೊನೆ ಉಪ್ಪಿನಕಾಯಿ ಯಾರ ಮನೇಲಿ ತಿಂದ್ನಂತೆ?" ಅಂತ ಕೇಳಿದ್ಳು, ಯಾರೋ ಗುರುತಿನವರ ಮನೆಗೆ ಬಂದು ಹೋದ ನೆಂಟನ ಸುದ್ದಿ ಕೇಳಿದ ಹಾಗೆ.

ಆ ಮೆಣಸೇ ನೋಡಿ ಎಲ್ಲರನ್ನೂ ಕರೆಸಿದ್ದು. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿ ಹತ್ತಿ ಶರಾವತಿಲೇ ಹೊನ್ನಾವರಕ್ಕೆ, ಇಲ್ಲಿಂದ ಹಡಗಿಗೆ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಬಂದು ಇಲ್ಲಿದ್ದ ಹಡಗು ಸುಟ್ಟ, ಐದೇ ವರ್ಷಕ್ಕೆ ಇಲ್ಲಿಯವನೇ ಆದ ತಿಮ್ಮೋಜ ಅದೇ ಪೋರ್ಚುಗೀಸರ ಜೊತೆ ಸೇರಿ ಗೋವಾ ತಗೊಳ್ಳೋಕೆ ದಾರಿ ತೋರ್ಸಿದ, ಏನು ಲೆಕ್ಕಾಚಾರನೋ. ಆಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತಲೇ ಕರೀತಿದ್ರು, ಅವಳ ಕಾಲದಲ್ಲೇ 1569ರ ಹೊತ್ತಿಗೆ ಹೊನ್ನಾವರದಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. 1654ರಲ್ಲಿ ಕೆಳದಿ ಶಿವಪ್ಪ ನಾಯಕ ಅದನ್ನ ಕಿತ್ಕೊಂಡ. ಮುಂದೆ ಹೈದರಾಲಿ ಇಲ್ಲೇ ಯುದ್ಧದ ಹಡಗು ಕಟ್ಟಿಸಿದ, 1783ರಲ್ಲಿ ಇಂಗ್ಲಿಷರು ಊರು ಹಿಡಿದ್ರು, ಟಿಪ್ಪು ಕಡೆಯವರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ರು, ಮಂಗಳೂರು ಒಪ್ಪಂದ ಆಗಿ ಊರು ಮತ್ತೆ ಟಿಪ್ಪು ಕೈಗೆ. 1801ರಲ್ಲಿ ಇಂಗ್ಲಿಷರ ಕಡೆಯಿಂದ ಊರೂರು ನೋಡಿ ಬರೆಯೋಕೆ ಬುಕಾನನ್ ಅನ್ನೋವ್ನು ಬರೋ ಹೊತ್ತಿಗೆ ಪೇಟೆ ಅನ್ನೋದೇ ಹಾಳುಬಿದ್ದಿತ್ತು. ಹಾಗಾಗಿ ನೋಡೋಕೆ ಏನೂ ಉಳಿದಿಲ್ಲ ಅಂದ್ರೆ ಅದು ಊರಿನ ತಪ್ಪಲ್ಲ ಮಾರಾಯ್ರೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿಂದ ಬೊಂಬಾಯಿ ಪ್ರಾಂತ್ಯಕ್ಕೆ ಹೋಯ್ತು, ಕಾರವಾರ ಜಿಲ್ಲೆಯ ಊರಾಗಿ ಬೆಳೀತು, ನಾವು ತಾಲೂಕಾಗಿ ಉಳಿದ್ವಿ. ಸೇತುವೆ ಇಲ್ಲದ ಕಾಲದಲ್ಲಿ ನದಿಯಾಚೆ ಕಾಸರಕೋಡ ಕಡೆಗೆ ಹೋಗೋಕೆ ತಾರಿ, ಅಂದ್ರೆ ದಾಟಿಸೋ ದೋಣಿ, ಹತ್ತಬೇಕಿತ್ತು, ತಾರಿ ತಪ್ಪಿದ್ರೆ ದಡದಲ್ಲೇ ಕೂತ್ಕೊಳ್ಳೋದು ಅಂತ ಅಜ್ಜಿ ಹೇಳ್ತಿದ್ರು. ಈಗ ರೈಲ್ವೆ ಸೇತುವೆನೇ ಎರಡು ಕಿಲೋಮೀಟರ್ ಮೇಲೆ, ಕೊಂಕಣ ರೈಲಿನ ಸೇತುವೆಗಳಲ್ಲೇ ಉದ್ದದ್ದು, ರೈಲಲ್ಲಿ ಹೋಗೋವ್ರು ಮೊಬೈಲಲ್ಲಿ ಒಂದು ವಿಡಿಯೋ ತಗೊಂಡು ಮುಂದೆ ಹೋಗ್ತಾರೆ. 2020ರಲ್ಲಿ ಕಾಸರಕೋಡ ಬೀಚಿಗೆ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ ಬೀಚು ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ, ಬಂತು. ಅದರ ಹತ್ರವೇ ಟೊಂಕದಲ್ಲಿ ಹೊಸ ಬಂದರು ಬೇಡ ಅಂತ ಮೀನುಗಾರರ ಹೋರಾಟ. ಬಂದರಿಂದಲೇ ಬದುಕಿದ ಊರಿಗೆ ಬಂದರೇ ಬೇಡ ಆಗೋದು ಅಂದ್ರೆ ತಮಾಷೆ ಅನಿಸ್ಬಹುದು, ಆದ್ರೆ ದಡ ಬಿಟ್ಟು ಎಲ್ಲಿ ಹೋಗ್ಬೇಕು, ಮೀನು ಒಣಗಿಸೋದು ಎಲ್ಲಿ ಅಂತ ಅವರು ಕೇಳೋದ್ರಲ್ಲಿ ನಂಗೇನೂ ತಪ್ಪು ಕಾಣೋದಿಲ್ಲ.

ಇಷ್ಟೆಲ್ಲದರ ನಡುವೆ ಬದಲಾಗದೇ ಇರೋದು ಅಳಿವೆ, ನದಿ ಸಮುದ್ರ ಸೇರೋ ಬಾಯಿ. ಬದಲಾಗದೇ ಅಂದ್ರೆ ದಿನಾ ಬದಲಾಗ್ತಾನೇ ಇರ್ತದೆ, ಅದೇ ಅದರ ಗುಣ. ನದಿ ಹೂಳು ತಂದು ಹಾಕ್ತದೆ, ಸಮುದ್ರ ಮರಳು ತಳ್ತದೆ, ದಾರಿ ಈ ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ. ಬೋಟು ಮರಳಿಗೆ ಕೂತು ಮಗುಚಿದ ಸುದ್ದಿ ಪೇಪರಲ್ಲಿ ಬರ್ತಾನೇ ಇರ್ತದೆ.

ನಿನ್ನೆ ಸಂಜೆ ದಡದಲ್ಲಿ ನಿಂತಿದ್ದೆ. ಒಂದು ಬೋಟು ಹೊರಗೆ ಅಲ್ಲೇ ತೂಗ್ತಾ ನಿಂತಿತ್ತು, ಒಳಗೆ ಬರ್ತಾನೇ ಇಲ್ಲ. ಕೆಟ್ಟಿತಾ ಅಂತ ಪಕ್ಕದಲ್ಲಿದ್ದ ವಯಸ್ಸಾದ ತಾಂಡೇಲರನ್ನ, ಬೋಟು ನಡೆಸೋವ್ರನ್ನ, ಕೇಳಿದೆ. "ಇಲ್ಲ ತಮ್ಮಾ, ನೀರು ಏರ್ಲಿ, ಇನ್ನೊಂದರ್ಧ ತಾಸು" ಅಂದ್ರು, ಬೀಡಿ ಹಚ್ಚಿದ್ರು. ಬೆಳ್ಳಗೆ ನೊರೆ ಒಡೀತಿದ್ದ ಕಡೆ ಮರಳು, ಅದರ ಬದಿಗೆ ಕಪ್ಪಗೆ ಕಾಣೋ ಸಣ್ಣ ಗೆರೆಯೇ ದಾರಿ ಅಂತ ಕೈ ತೋರ್ಸಿದ್ರು, ನಂಗೆ ಎಲ್ಲ ಒಂದೇ ಥರ ಕಂಡ್ತು. ಒಂದು ದೊಡ್ಡ ತೆರೆ ಹೋಯ್ತು, ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಬೋಟಿನ ಇಂಜಿನ್ ಸದ್ದು ಜೋರಾಯ್ತು, ಆ ಗೆರೆ ಹಿಡಿದು ಸೀದಾ ಒಳಗೆ ಬಂತು. ತಾಂಡೇಲರು ಆಗ್ಲೇ ಬೀಡಿ ಎಸೆದು ಎದ್ದಿದ್ರು, ಬಂಗಡೆ ಬಂದಿದ್ರೆ ರೇಟು ಕೇಳೋಕೆ.