ನೂರು ಕೆಜಿ ಎತ್ತಿದೆ
ಇವತ್ತು ಜಿಮ್‌ನಲ್ಲಿ ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) ಮೊದಲ ಸಲ 100 ಕೆಜಿ! 20 ಕೆಜಿ ಬಾರ್, ಎರಡೂ ಕಡೆ 20ರ ಎರಡೆರಡು ಪ್ಲೇಟ್. ಒಂದು ಕ್ಷಣ ಬಾರ್ ಅಲ್ಲಾಡಲೇ ಇಲ್ಲ, ಪಕ್ಕದಲ್ಲಿ ಸ್ಕ್ವಾಟ್ ಮಾಡುತ್ತಿದ್ದವರೆಲ್ಲ ನಿಲ್ಲಿಸಿ "ಎತ್ತು, ಎತ್ತು" ಅಂತ ಕೂಗಿದರು, ಅಷ್ಟರಲ್ಲಿ ಅದು ಮೊಣಕಾಲು ದಾಟಿತ್ತು. ಅಂಗೈ ಚರ್ಮ ಸ್ವಲ್ಪ ಕಿತ್ತಿದೆ, ಇರಲಿ.

ಶುರುವಿನಲ್ಲಿ ಎತ್ತುವ ತೂಕ ಬೇಗ ಬೇಗ ಏರಿದಾಗ ಸ್ನಾಯು ಬೆಳೆದೇಬಿಟ್ಟಿತು ಅಂತ ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಆದರೆ ಮೊದಲ ವಾರಗಳಲ್ಲಿ ಜಾಸ್ತಿ ಕಲಿಯುವುದು ನರಗಳು, ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸುವುದನ್ನು. ಕನ್ನಡಿಯಲ್ಲಿ ಏನೂ ಕಾಣದಿದ್ದದ್ದು ಅದಕ್ಕೇ, ಅಲ್ವಾ! ಆಮೇಲೆ ನಿಂತುಹೋಗಿದ್ದ ತೂಕ ಮತ್ತೆ ಏರಿದ್ದು ನಿದ್ದೆ ಸರಿಯಾದ ಮೇಲೆ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಇಡುವುದು ಡೆಡ್‌ಲಿಫ್ಟ್‌ಗಿಂತ ಕಷ್ಟ.

ನಾಳೆ ರೆಸ್ಟ್. ಈಗ ಮೆಟ್ಟಿಲು ಇಳಿಯಬೇಕು, ಸುಮ್ನೆ ನೋಡುತ್ತಾ ನಿಂತಿದ್ದೇನೆ.