ಲಸಿಕೆ ಶೀಟ್: ಈಗ ‘ಯಾಕೆ ತಪ್ಪಿತು’ ಕಾಲಂ ಕೂಡ ಇದೆ

ಮಕ್ಕಳ ಲಸಿಕೆ ಕಾರ್ಯಕ್ರಮಕ್ಕೆ ಅಂತ ಬಿಡುವಿನಲ್ಲಿ ಮಾಡುತ್ತಿರುವ ಸ್ಪ್ರೆಡ್‌ಶೀಟ್ ಒಂದು ಹದಕ್ಕೆ ಬಂದಿದೆ. ಎಲ್ಲಿ ಎಡವುತ್ತಿದ್ದೇವೆ ಅನ್ನುವುದು ಕಾರ್ಯಕ್ರಮ ನಡೆಯುತ್ತಿರುವಾಗಲೇ ಗೊತ್ತಾಗಬೇಕು, ಅದಕ್ಕೇ ಈ ಕೆಲಸ. ಎಲ್ಲಾ ಮುಗಿದ ಮೇಲೆ ಬರುವ ವರದಿಯಿಂದ ಈ ವಾರ ಲಸಿಕೆ ತಪ್ಪಿದ ಮಗುವಿಗೆ ಏನು ಉಪಯೋಗ?

ಮೊದಲು ರನ್ ಚಾರ್ಟ್ ಸೇರಿಸಿದೆ. ಲಸಿಕೆ ಪಡೆದ ಮಕ್ಕಳ ವಾರವಾರದ ಅಂಕಿಯ ಗ್ರಾಫ್, ನಡುವೆ ಮೀಡಿಯನ್ ಗೆರೆ (ಅರ್ಧ ಚುಕ್ಕೆಗಳು ಇದರ ಮೇಲೆ, ಅರ್ಧ ಕೆಳಗೆ), ಅಷ್ಟೇ. ಒಂದು ವಾರ ಅಂಕಿ ಇಳಿದರೆ ಎಲ್ಲರಿಗೂ ಗಾಬರಿ, ಏರಿದರೆ ಖುಷಿ, ಆದರೆ ಅದರಿಂದ ಏನನ್ನೂ ಹೇಳಲಾಗದು. ಸತತವಾಗಿ 6 ಅಥವಾ ಅದಕ್ಕಿಂತ ಜಾಸ್ತಿ ಚುಕ್ಕೆ ಗೆರೆಯ ಒಂದೇ ಕಡೆ ಬಿದ್ದರೆ ನಿಜಕ್ಕೂ ಏನೋ ಬದಲಾಗಿದೆ ಅಂತ ಲೆಕ್ಕ. ಆಗ ಚುಕ್ಕೆಗಳ ಬಣ್ಣ ಬದಲಾಗುವ ಹಾಗೆ ಮಾಡಿದ್ದೇನೆ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಕಾರ್ಖಾನೆಯ ಸರಕಿನ ಗುಣಮಟ್ಟ ನೋಡಲು ಕಂಟ್ರೋಲ್ ಚಾರ್ಟ್ ಅನ್ನುವ, ಏರಿಳಿತ ಸಹಜವೋ ಅಲ್ಲವೋ ಅಂತ ತೋರಿಸುವ ಗ್ರಾಫ್ ಮಾಡಿದರು, ಅದೇ ಯೋಚನೆಯ ಸರಳ ರೂಪ ಇದು.

ಜಾಸ್ತಿ ಸಮಯ ಹಿಡಿದದ್ದು ‘ಯಾಕೆ ತಪ್ಪಿತು’ ಕಾಲಂ. ಇದನ್ನು ಪೋಲಿಯೋ ಅಭಿಯಾನ ನೋಡಿ ಕಲಿತೆ. ಅಲ್ಲಿ ಹನಿ ಹಾಕಿದ ಮಗುವಿನ ಬೆರಳಿಗೆ ಶಾಯಿಯ ಗುರುತು ಹಾಕುತ್ತಾರೆ, ಆಮೇಲೆ ಬೇರೆಯವರು ಬಂದು ಬೆರಳು ನೋಡುತ್ತಾರೆ, ಗುರುತು ಇಲ್ಲದಿದ್ದರೆ ಕಾರಣ ಕೇಳುತ್ತಾರೆ. ಮಗು ಮನೆಯಲ್ಲಿರಲಿಲ್ಲ, ಮಲಗಿತ್ತು, ತಂಡವೇ ಬರಲಿಲ್ಲ, ಮನೆಯವರು ಬೇಡ ಅಂದರು. ಒಂದೊಂದಕ್ಕೂ ಪರಿಹಾರ ಬೇರೆ ಅಲ್ವಾ? ತಂಡ ಬರದಿದ್ದರೆ ಓಡಾಟದ ನಕ್ಷೆ ತಿದ್ದಬೇಕು. ಬೇಡ ಅಂದವರ ಮನೆಗೆ ಅವರು ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಶೇಕಡಾವಾರು ಅಂಕಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಪಟ್ಟಿಯ ಕೊನೆಯಲ್ಲಿ ‘ಇತರೆ’ ಅಂತ ಸುಮ್ನೆ ಟಿಕ್ ಹಾಕಿ ಮುಂದೆ ಹೋಗಲು ಬಿಟ್ಟಿಲ್ಲ, ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು. ಅಲ್ಲೇ ಸಿಕ್ಕಿದ್ದು ಇದು: “ನಾವು ಕೆಲಸದಿಂದ ಬರುವಷ್ಟರಲ್ಲಿ ನೀವು ಬಾಗಿಲು ಹಾಕಿರ್ತೀರಿ.” ಬೇರೆ ಬೇರೆ ಮನೆಗಳಿಂದ ಇದೇ ಮಾತು ಬಂತು. ಸಮಸ್ಯೆ ತಾಯಂದಿರ ನಿರ್ಲಕ್ಷ್ಯ ಅಂತ ಅಲ್ಲಿಯವರೆಗೆ ಸಭೆಯಲ್ಲಿ ಮಾತಾಗುತ್ತಿತ್ತು, ನನಗೆ ತುಂಬಾ ಬೇಸರವಾಗಿತ್ತು. ಈಗ ಒಂದೇ ಒಂದು ಕಡೆ ಲಸಿಕೆಯ ಹೊತ್ತನ್ನು ಸಂಜೆಗೆ ಹಾಕಿ ನೋಡುತ್ತಿದ್ದೇವೆ. ಎಲ್ಲಾ ಕಡೆ ಒಟ್ಟಿಗೆ ಬದಲಾಯಿಸಿದರೆ, ಏನಾದರೂ ಕೆಟ್ಟರೆ ಎಲ್ಲಾ ಕಡೆ ಕೆಡುತ್ತದೆ.

ಮುಂದಿನ ಕೆಲಸ: ಮಾಹಿತಿ ತಂದುಕೊಟ್ಟ ಕಾರ್ಯಕರ್ತೆಯರಿಗೇ ಪ್ರತಿ ವಾರ ಒಂದು ಪುಟ ವಾಪಸ್ ಕಳಿಸುವುದು. ಅವರ ಪ್ರದೇಶದ ಗ್ರಾಫ್, ಬಂದ ಕಾರಣಗಳು, ಅದರಿಂದ ನಾವು ಏನು ಬದಲಾಯಿಸಿದೆವು ಅನ್ನುವ ಒಂದು ಸಾಲು. ಆ ಸಾಲು ಖಾಲಿ ಇದ್ದರೆ ಪುಟ ಪ್ರಿಂಟ್ ಆಗದ ಹಾಗೆ ಶೀಟ್‌ನಲ್ಲೇ ತಡೆ ಹಾಕುತ್ತಿದ್ದೇನೆ.