ಮುಟ್ಟಬಹುದಾ ಟೀಚರ್?

ಇಲ್ಲಿ ಆರ್ಕೆಸ್ಟ್ರಾ ಅಂದರೆ ಹೆಚ್ಚಿನವರಿಗೆ ಮದುವೆ ಹಾಲ್‌ನಲ್ಲಿ ಸಿನಿಮಾ ಹಾಡು ಹಾಡುವ ತಂಡ. ನಮ್ಮದು ಬೇರೆ. ಬ್ಯಾಂಕಿನವರು, ನರ್ಸು, ಮೇಷ್ಟ್ರು ಸೇರಿ ಮಂಗಳೂರಿನಲ್ಲಿ ನೊಟೇಶನ್ ನೋಡಿ ಪಾಶ್ಚಾತ್ಯ ಸಂಗೀತ ನುಡಿಸುವ ಸಣ್ಣ ಗುಂಪು. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಉಳಿದ ಹಣಕ್ಕೆ ಮಕ್ಕಳ ಅಳತೆಯ ಆರು ವಯೊಲಿನ್ ತಂದಿದ್ದೆವು. ಜುಲೈಯ ಒಂದು ಶನಿವಾರ ಬೆಳಗ್ಗೆ ಅವನ್ನು ಹೊತ್ತುಕೊಂಡು ಉಳ್ಳಾಲದ ಆಚೆಯ ಒಂದು ಸರಕಾರಿ ಶಾಲೆಗೆ ನಾಲ್ವರು ಹೋದೆವು.

ಹಂಚಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. ದೊಡ್ಡ ವಯೊಲಿನ್‌ನಂತಿರುವ, ತಗ್ಗು ದನಿಯ ಚೆಲ್ಲೊ ಒಂದನ್ನು ಬಿಟ್ಟರೆ ಬೇರೇನೂ ಹಿಂದಿನ ಸಾಲಿಗೆ ಕೇಳಿಸಲಿಲ್ಲ. ತೇವಕ್ಕೆ ತಂತಿ ಬಿಗಿಯುವ ಬಿರಡೆಗಳು ಉಬ್ಬಿ ತಿರುಗಲೊಲ್ಲವು. ಎರಡು ಹಾಡಿಗೇ ನಿಲ್ಲಿಸಿ, ಪೆಟ್ಟಿಗೆಗಳನ್ನು ಬೆಂಚಿನ ಮೇಲೆ ಬಿಚ್ಚಿಟ್ಟೆವು.

"ಮುಟ್ಟಬಹುದಾ ಟೀಚರ್?"

ಹನ್ನೊಂದು ವರ್ಷದವಳಿದ್ದಾಗ ಒಂದು ಕಚೇರಿ ಮುಗಿದ ಮೇಲೆ ನಾನೂ ಹೀಗೇ ಕೇಳಿದ್ದೆ. ಮುಟ್ಟಬೇಡ, ಹಾಳಾಗ್ತದೆ ಅಂದಿದ್ದರು. ಆಮೇಲೆ ನಾನು ವಯೊಲಿನ್ ಕಮಾನು ಹಿಡಿದದ್ದು ಇಪ್ಪತ್ನಾಲ್ಕಕ್ಕೆ. ಆ ಹದಿಮೂರು ವರ್ಷ ನನಗೆ ಇವತ್ತಿಗೂ ನೋವೇ. ಮಕ್ಕಳನ್ನು ಸಾಲಾಗಿ ಕೂರಿಸಿ ಕೇಳಿಸಿದರೆ ಸಾಲದು, ಕೈಗೆ ಕೊಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮುಕ್ಕಾಲು ಅಳತೆಯದನ್ನು ಎತ್ತಿಕೊಂಡಳು. ಕಮಾನು ಎಳೆದಳು. ಸದ್ದೇ ಇಲ್ಲ. ಹೆದರಿ ನನ್ನ ಮುಖ ನೋಡಿದಳು. ತಪ್ಪು ಅವಳದಲ್ಲ, ಹೊಸ ಕಮಾನಿಗೆ ರಾಳ ತಾಗಿರಲಿಲ್ಲ. ರಾಳವಿಲ್ಲದ ಕುದುರೆ ಕೂದಲು ತಂತಿಯನ್ನು ಹಿಡಿಯುವುದಿಲ್ಲ, ಸುಮ್ಮನೆ ಜಾರುತ್ತದೆ. ರಾಳದ ತುಂಡನ್ನು ಅವಳ ಕೈಗೇ ಕೊಟ್ಟೆ. ನಾಲಗೆ ಕಚ್ಚಿಕೊಂಡು, ಆ ತುದಿಯಿಂದ ಈ ತುದಿಗೆ, ಬೆರಳೆಲ್ಲ ಬಿಳಿ ಹುಡಿಯಾಗುವ ತನಕ ಉಜ್ಜಿದಳು. ಮತ್ತೆ ಎಳೆದಾಗ ಒರಟಾದ, ಉದ್ದನೆಯ ಒಂದು ಸ್ವರ ಬಂತು. ಅವಳು ಗಲ್ಲ ಮುಟ್ಟಿಕೊಂಡು, "ಹಲ್ಲಿಗೆ ಗೊತ್ತಾಗ್ತದೆ!" ಅಂದಳು.

ಕ್ಲಾರಿನೆಟ್ ಹತ್ತಿರ ನಿಂತಿದ್ದ ಹುಡುಗ ಮಾತ್ರ ಕೇಳುವವನಾಗಿರಲಿಲ್ಲ, ಹೇಳುವವನು. "ರೀಡನ್ನು ಮೊದಲು ಬಾಯಲ್ಲಿಟ್ಟು ಚಂಡಿ ಮಾಡ್ಬೇಕು." ರೀಡು ಅಂದರೆ ಊದುವ ತುದಿಗೆ ಕಟ್ಟುವ ತೆಳು ಪಟ್ಟಿ, ಚಂಡಿ ಅಂದರೆ ಒದ್ದೆ. ಅವನ ಅಪ್ಪ ದೈವಗಳ ನೇಮಕ್ಕೆ, ಮದುವೆಗೆ ಸ್ಯಾಕ್ಸೋಫೋನ್ ಊದುವವರು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಮಳೆಗಾಲದಲ್ಲಿ ನೇಮ ಇಲ್ಲ, ವಾದ್ಯ ಪೆಟ್ಟಿಗೆಯಲ್ಲೇ. "ಮುಟ್ಟಿದ್ರೆ ಬೈತಾರೆ."

ಸಜಿಪಮೂಡದ ನಾಗಸ್ವರದವರ ಮನೆಯ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತದ್ದು, ಮುಂದೆ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಕದ್ರಿ ಗೋಪಾಲನಾಥ್ ಆದದ್ದು ಅವನಿಗೆ ಹೇಳಿದೆ. "ಗೊತ್ತುಂಟು, ಅಪ್ಪ ಹೇಳಿದ್ದಾರೆ" ಅಂದ. ನಮ್ಮ ಕ್ಲಾರಿನೆಟ್ಟಿನವರು ಹೊಸ ರೀಡು ತೆಗೆದುಕೊಟ್ಟರು. ಎರಡು ಸಲ ಗಾಳಿ ಮಾತ್ರ ಬಂತು. ಮೂರನೆಯ ಸಲ ಊದಿದಾಗ, ಮಳೆಯನ್ನೂ ಮೀರಿ ಇಡೀ ಕ್ಲಾಸು ತಿರುಗಿ ನೋಡಿತು.

ವಯೊಲಿನ್‌ಗಳನ್ನು ಅಲ್ಲೇ ಬಿಟ್ಟೆವು. ಕಮಾನಿನ ತಿರುಪು ಸಡಿಲಿಸಿಡುವುದನ್ನು ಹುಡುಗಿಗೆ ಕಲಿಸಿಕೊಟ್ಟು ಹೊರಟಾಗ ಆ ಹುಡುಗ ಕೊಡೆಯಿಲ್ಲದೆ ಗೇಟಿನವರೆಗೆ ಓಡಿ ಬಂದ.

"ಬರುವ ಶನಿವಾರ ಅಪ್ಪನನ್ನು ಕರ್ಕೊಂಡು ಬರ್ಲಾ?"

"ಪೆಟ್ಟಿಗೆಯನ್ನೂ ತರ್ಲಿಕ್ಕೆ ಹೇಳು ಮಾರಾಯ."